ಗಿಟಾರ್ ಪೆಟ್ಟಿಗೆಯ ನೆಗಡಿ

ನವೆಂಬರ್ 4, ಸೋಮವಾರ. ಮಾನ್ವಿ

ಪೆಟ್ಟಿಗೆಗೆ ನೆಗಡಿ ಬಂದಿದೆ. ಬೇರೆ ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಹೆಡ್‌ಫೋನ್ ಕಿವಿಗೆ ಏರಿಸಿ ಮೊದಲ ತಂತಿ ಮೀಟಿದರೆ ದನಿ ಕಂಬಳಿ ಹೊದ್ದುಕೊಂಡು ಬಂತು. ಮೊನ್ನೆಯವರೆಗೆ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿದ್ದ ಗಿಟಾರು ಇವತ್ತು ಮೂಗು ಕಟ್ಟಿಕೊಂಡು ಮಾತಾಡುತ್ತಿದೆ.

ಇದನ್ನು ಮನೆಯಲ್ಲಿ ಯಾರ ಮುಂದೆ ಹೇಳಿಕೊಳ್ಳಲಿ? ಎರಡು ವರ್ಷದ ಹಿಂದೆ ಮಿಕ್ಸಿ ರಿಪೇರಿಗೆಂದು ರಾಯಚೂರಿಗೆ ಹೋದವಳು ಗಿಟಾರ್ ಕಲಿಯುವ ಹುಚ್ಚು ಹಿಡಿಸಿಕೊಂಡು ವಾಪಸು ಬಂದೆ. ಅಂಗಡಿಯ ಜಿಲಾನಿ ಪಾಷಾ ಹಿಂದೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. ಈಗ ಆಂಪ್ಲಿಫೈಯರನ್ನೂ ಮಿಕ್ಸಿಯನ್ನೂ ಒಂದೇ ಶ್ರದ್ಧೆಯಿಂದ ಬಿಚ್ಚುತ್ತಾರೆ. ತಿಂಗಳಿಗೆರಡು ಪಾಠ ಹೇಳಿಕೊಡಲು ಒಪ್ಪಿದರು. ನಮ್ಮ ಯಜಮಾನರು ಬಸವಲಿಂಗ ಒಂದೇ ಷರತ್ತು ಹಾಕಿದರು. "ಏನರ ಕಲಿ. ಮನ್ಯಾಗ ಸಪ್ಪಳ ಆಗಬಾರದು." ಹಗಲೆಲ್ಲ ನಮ್ಮ ಅಕ್ಕಿ ಗಿರಣಿಯ ಸಪ್ಪಳದಲ್ಲಿ ಕೂರುವ ಮನುಷ್ಯ, ಅವರ ಮಾತಲ್ಲೂ ನ್ಯಾಯವಿದೆ.

ಹಾಗಾಗಿ ಈ ಪೆಟ್ಟಿಗೆ ಬಂತು. ಅದರ ಹೆಸರು ಡಿಜಿಟಲ್ ಇಫೆಕ್ಟ್ಸ್ ಪ್ರೊಸೆಸರ್. ಗಿಟಾರಿನ ವೈರು ಅದರೊಳಗೆ ಹೋಗುತ್ತದೆ, ದನಿ ಬೇಕಾದ ಬಣ್ಣ ಹಚ್ಚಿಕೊಂಡು ಹೆಡ್‌ಫೋನಿಗೆ ಬರುತ್ತದೆ. ಒಳಗಿರುವ ನನಗೆ ಸಂಗೀತ, ಹೊರಗಿರುವವರಿಗೆ ಬರೀ ತಂತಿ ಕೆರೆಯುವ ಸದ್ದು. ಕೋಳಿ ಕಾಳು ಹೆಕ್ಕಿದ ಹಾಗೆ ಕೇಳುತ್ತದೆ ಎಂದು ಹಂಪಮ್ಮನವರ ಅಭಿಪ್ರಾಯ. ಅತ್ತೆಯ ಹೆಸರು ಹಿಡಿಯಬಾರದೆಂದು ನನಗೂ ಗೊತ್ತು. ಆದರೆ ಇದು ನನ್ನ ಪುಸ್ತಕ, ಇಲ್ಲಿ ಹಂಪಮ್ಮನವರು ಹಂಪಮ್ಮನವರೇ.

ಕೆಟ್ಟದ್ದು ಬೇರೆ ಯಾವಾಗಲಾದರೂ ಕೆಡಬಾರದಿತ್ತೇ? ಇಪ್ಪತ್ತನಾಲ್ಕಕ್ಕೆ ದೇವದುರ್ಗದಲ್ಲಿ ಅಕ್ಕನ ಬಳಗ ಎಂಬ ಮಹಿಳಾ ಮಂಡಳಿಯ ಕಾರ್ತಿಕದ ಕಾರ್ಯಕ್ರಮ. ನನ್ನ ಕಾಲೇಜು ಗೆಳತಿ ಸುನಂದಾ ಅಲ್ಲಿ ತತ್ವಪದ ಹಾಡುತ್ತಾಳೆ. ಅವಳ ಪಕ್ಕದಲ್ಲಿ ಗಿಟಾರ್ ಹಿಡಿದು ಕೂರುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಗುರುಗಳನ್ನು ಬಿಟ್ಟರೆ ಇಲ್ಲಿಯವರೆಗೆ ನನ್ನ ಗಿಟಾರನ್ನು ಒಂದು ನರಪಿಳ್ಳೆಯೂ ಕೇಳಿಲ್ಲ. ನನಗೆ ನುಡಿಸಲು ಬರುತ್ತದೆ ಎನ್ನುವುದಕ್ಕೆ ಇರುವುದು ಒಂದೇ ಸಾಕ್ಷಿ, ಈ ಹೆಡ್‌ಫೋನು. ಇವತ್ತು ಆ ಸಾಕ್ಷಿಯೇ ತಿರುಗಿಬಿದ್ದಿದೆ.

ನವೆಂಬರ್ 5, ಮಂಗಳವಾರ

ವೈರು ಬದಲಿಸಿದೆ. ಹಾಗೇ ಇದೆ. ಹೆಡ್‌ಫೋನನ್ನು ಮೊಬೈಲಿಗೆ ಚುಚ್ಚಿ ನೋಡಿದೆ, ಅಲ್ಲಿ ಗಿಣಿಯ ಹಾಗೆ ಮಾತಾಡಿತು. ಅಂದರೆ ಹೆಡ್‌ಫೋನಿನ ತಪ್ಪಿಲ್ಲ. ಪೆಟ್ಟಿಗೆಯ ತೂತಿಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ ಒರೆಸಿದೆ. ಗಿರಣಿಯವರ ಮನೆಯಲ್ಲವೇ, ತೌಡಿನ ಧೂಳು ಬಂತು, ದನಿ ಮಾತ್ರ ಬರಲಿಲ್ಲ. ಗಿಟಾರಿಗೆ ಹೊಸ ತಂತಿ ಕಟ್ಟಿದೆ. ಹೊಸ ತಂತಿ ಕೈಗೆ ಚುರುಕಾಗಿತ್ತು, ಕಿವಿಗೆ ಬರುವಷ್ಟರಲ್ಲಿ ಅದೇ ಮಂಕು.

ಪೆಟ್ಟಿಗೆಯೊಳಗೆ ನಾನು ಮಾಡಿಟ್ಟುಕೊಂಡ ಹನ್ನೆರಡು ಬಗೆಯ ದನಿಗಳಿವೆ. ಒಂದೊಂದನ್ನೇ ತೆರೆದು ಅದರ ಟ್ರೆಬಲ್, ಅಂದರೆ ದನಿಯ ಹೊಳಪಿನ ಅಳತೆ, ನೋಡಿದೆ. ಎಲ್ಲ ಇಟ್ಟಲ್ಲೇ ಇವೆ. ಎಲ್ಲವೂ ಮಂಕಾಗಿಯೇ ಕೇಳುತ್ತಿವೆ.

ನಾಷ್ಟಾ ಮಾಡುವಾಗ ಯಜಮಾನರ ಮುಂದೆ ಹೇಳಿದೆ. ಅವರು ಮಂಡಕ್ಕಿ ಒಗ್ಗರಣೆಯ ತಟ್ಟೆಯಿಂದ ತಲೆ ಎತ್ತಲೂ ಇಲ್ಲ. "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ." ಆಮೇಲೆ ತಮ್ಮ ಮಾತಿಗೆ ತಾವೇ ನಕ್ಕು, ಇನ್ನೊಂದು ಮೆಣಸಿನಕಾಯಿ ಬಜಿ ಕೇಳಿದರು. ಕೊಟ್ಟೆ.

ಮಾತು ಮಾತ್ರ ಸಂಜೆಯವರೆಗೂ ಬಿಡಲಿಲ್ಲ. ಎರಡು ವರ್ಷ ಚೆನ್ನಾಗಿದ್ದದ್ದು ಪೆಟ್ಟಿಗೆಯೇ ಇರಬಹುದು. ಪೆಟ್ಟಿಗೆ ಮುಖ ತಿರುಗಿಸಿದ ಕೂಡಲೆ ಉಳಿದದ್ದು ನಾನು ಮಾತ್ರ.

ನವೆಂಬರ್ 6, ಬುಧವಾರ

ಹಾಗೇ ಇದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಹಂಪಮ್ಮನವರು ಒಂದು ತುತ್ತು ತಿಂದು, ಏನೂ ಅನ್ನದೆ ತಟ್ಟೆಗೆ ಮಜ್ಜಿಗೆ ಸುರಿದುಕೊಂಡರು. ಅನ್ನದೆ ಇರುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ನವೆಂಬರ್ 8, ಶುಕ್ರವಾರ

ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಗಿಟಾರನ್ನು ಹೆಗಲಿಗೆ ಹಾಕಿಕೊಂಡು ರಾಯಚೂರಿನ ಬಸ್ ಹತ್ತಿದೆ. ಕಲ್ಲೂರಿನವರೆಗೂ ಪಕ್ಕದ ಸೀಟಿನ ಹೆಂಗಸು ಅದೇನು ಎಂದು ಕೇಳುವುದೋ ಬೇಡವೋ ಎಂಬ ಮುಖ ಮಾಡಿಕೊಂಡಿದ್ದಳು. ಕೊನೆಗೆ, "ಒಳಗ ಜೀವ ಅದಾದೇನ್ರಿ ಅಕ್ಕಾ?" ಎಂದಳು. ಸದ್ಯಕ್ಕೆ ಇಲ್ಲ ಎಂದೆ.

ತೀನ್ ಕಂದೀಲ್ ಹತ್ತಿರದ ಅಂಗಡಿಗೆ ಹೋದಾಗ ಜಿಲಾನಿ ಪಾಷಾ ನಮಾಜಿಗೆ ಹೋಗಿದ್ದರು. ಅರ್ಧ ತಾಸು ಕಾದೆ. ಬಂದವರೇ ಟೋಪಿ ಮಡಿಸಿ ಜೇಬಿಗಿಟ್ಟು, ರೋಗಿಯ ನಾಡಿ ಹಿಡಿಯುವ ಹಾಗೆ ಪೆಟ್ಟಿಗೆಯ ಮೇಲೆ ಕೈ ಇಟ್ಟರು. ನಾನು ಮಾಡಿದ್ದೆಲ್ಲ ಹೇಳಿದೆ. ವೈರು, ತಂತಿ, ಹತ್ತಿ, ಹನ್ನೆರಡು ದನಿ.

"ಮೇನ್ ನೋಡಿದ್ರೇನು?"

"ಮೇನ್ ಅಂದ್ರ?"

ಅವರು ಹಸಿರು ಗುಂಡಿಯನ್ನು ಒತ್ತಿ ಹಿಡಿದರು. ಒಂದು ಸಲ ಒತ್ತಿದರೆ ಆ ಗುಂಡಿ ನಾನು ರೆಕಾರ್ಡ್ ಮಾಡಿದ್ದನ್ನು ಹಾಡಿಸುತ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಬಿಡದೆ ಹಿಡಿದರೆ ಹಾಡಿನ ಜೊತೆಗೇ ಪರದೆಯಲ್ಲಿ ಬೇರೊಂದು ಪುಟ ತೆರೆಯುತ್ತದಂತೆ. ತೆರೆಯಿತು. ಅದರಲ್ಲಿ ಟ್ರೆಬಲ್ ಎಂಬುದು ಪೂರ್ತಿ ತಳಕ್ಕೆ ಬಿದ್ದುಕೊಂಡಿತ್ತು.

"ನೋಡ್ರಿ ಮೇಡಂ. ನೀವು ಖೋಲಿ ಖೋಲಿಗೆ ಹೋಗಿ ಬಲ್ಬ್ ನೋಡಾಕತ್ತೀರಿ. ಇಲ್ಲಿ ಮೀಟರ್ ಹತ್ತಿರ ಮೇನೇ ಇಳಿಸ್ಯಾರ. ಹನ್ನೆರಡಲ್ಲ, ನೂರು ದನಿ ಇದ್ರೂ ಎಲ್ಲಾ ಇದರ ಕೆಳಗೇ ಬರಬೇಕು. ಯಾರು ಇಳಿಸಿದ್ರು ಇದನ್ನ?"

"ನಮ್ಮನ್ಯಾಗ ಅದನ್ನ ಮುಟ್ಟೋರೇ ಇಲ್ಲರಿ."

"ಹಂಗಂದ್ರ ತಾನೇ ಇಳಿದಿರಬೇಕು," ಎಂದು ನನ್ನನ್ನು ನೋಡಿದರು. ಮಿಕ್ಸಿ ತಾನೇ ಸುಟ್ಟಿತು ಎನ್ನುವ ಗಿರಾಕಿಯನ್ನೂ ಹೀಗೇ ನೋಡುತ್ತಾರೆ.

ಪರದೆಯ ಪಕ್ಕದ ದೊಡ್ಡ ಗುಂಡಿಯನ್ನು ತಿರುಗಿಸಿ ಅದನ್ನು ಮಧ್ಯಕ್ಕೆ ತಂದರು. ಹೆಡ್‌ಫೋನ್ ಹಾಕಿಕೊಂಡು ಒಂದು ತಂತಿ ಮೀಟಿದೆ. ಕಣ್ಣಲ್ಲಿ ನೀರು ಬಂತು, ಹೌದು, ಬರೀ ಟ್ರೆಬಲ್ಲಿಗಾಗಿ. ಆಮೇಲೆ ಅವರು ಅಂಗಡಿಯ ಸ್ಪೀಕರಿಗೆ ಹಾಕಿ, ಸುನಂದಾ ಹಾಡುವ ಪದವನ್ನು ಮೊದಲಿಂದ ನುಡಿಸಲು ಹೇಳಿದರು. ಮೂರನೆಯ ನುಡಿಯಲ್ಲಿ ಸ್ವರ ಮೇಲಕ್ಕೆ ಏರುವಲ್ಲಿ ಎಂದಿನಂತೆ ಎಡವಿದೆ. ಕೊನೆಗೆ ಅವರೆಂದದ್ದು ಇಷ್ಟು: "ಬೆರಳು ಠೀಕ್ ಅದಾವ. ದನಿ ಸ್ವಲ್ಪ ಚೂಪು ಆತು. ಹಾಡೋರಿಗೆ ಚುಚ್ಚಬಾರದು ನೋಡ್ರಿ."

ಎರಡು ವರ್ಷದಿಂದ ಕಾಪಾಡಿಕೊಂಡು ಬಂದ ಹೊಳಪು ಅದು. ಆರ್ಕೆಸ್ಟ್ರಾದಲ್ಲಿ ಕಿವಿ ಹಾಳಾಗಿರಬೇಕು ಪಾಪ ಎಂದುಕೊಂಡೆ.

ನವೆಂಬರ್ 10, ಭಾನುವಾರ

ದಿನಾ ಮಧ್ಯಾಹ್ನ ಹೋಗುವ ಗಿರಣಿಯ ಆಫೀಸಿಗೆ ನಿನ್ನೆ ಹೋಗಲಿಲ್ಲ, ಇವತ್ತು ರಜೆ. ಎರಡೂ ದಿನ ಮನೆಯಲ್ಲೇ ಇದ್ದು ಮನಸ್ಸು ತುಂಬ ನುಡಿಸಿದೆ. ಏನು ಹೊಳಪು, ಏನು ಹೊಳಪು. ನೆಲ ಡೊಂಕಿರಲೇ ಇಲ್ಲ ಎಂದು ಯಜಮಾನರಿಗೆ ಹೇಳಿದೆ. "ಯಾವ ನೆಲ?" ಎಂದರು. ಗಂಡಸರು ಚುಚ್ಚಿ ಮರೆಯುತ್ತಾರೆ, ಸೂಜಿ ನಮ್ಮಲ್ಲೇ ಉಳಿಯುತ್ತದೆ.

ನವೆಂಬರ್ 12, ಮಂಗಳವಾರ

ಮತ್ತೆ ನೆಗಡಿ.

ನಿನ್ನೆ ಬೆಳಿಗ್ಗೆ ಚೆನ್ನಾಗಿತ್ತು. ಮಧ್ಯಾಹ್ನ ಎರಡರಿಂದ ಐದರವರೆಗೆ ಗಿರಣಿಯಲ್ಲಿ ಭತ್ತದ ಲಾರಿಗಳ ಚೀಟಿ ಬರೆದು ಬಂದೆ. ಇವತ್ತು ಬೆಳಿಗ್ಗೆ ನೋಡಿದರೆ ಟ್ರೆಬಲ್ ಮತ್ತೆ ತಳದಲ್ಲಿ. ಮೇಲಕ್ಕೆ ತಿರುಗಿಸಿಕೊಳ್ಳಲು ಈಗ ನನಗೆ ಬರುತ್ತದೆ, ಅದರ ಚಿಂತೆಯಿಲ್ಲ. ತಾನಾಗಿ ಇಳಿಯುವ ಯಂತ್ರವನ್ನು ವೇದಿಕೆಗೆ ಹೇಗೆ ಒಯ್ಯುವುದು?

ಈ ಸಲ ಯಜಮಾನರಿಗೆ ಆಸಕ್ತಿ ಬಂತು. ಮೋಟರು, ಕರೆಂಟು ಎಂದರೆ ಅವರಿಗೆ ಮದುವೆ ಊಟದಷ್ಟು ಇಷ್ಟ. ಗಿರಣಿಯ ದೊಡ್ಡ ಮೋಟರು ಶುರುವಾದಾಗ ಓಣಿಯ ವೋಲ್ಟೇಜೆಲ್ಲ ಕುಸಿಯುತ್ತದೆ, ಅದರ ಜೊತೆ ನನ್ನ ಟ್ರೆಬಲ್ಲೂ ಕುಸಿಯುತ್ತದೆ, ಅರ್ಥಿಂಗ್ ಸರಿ ಮಾಡಿಸಬೇಕು ಎಂದು ತೀರ್ಪು ಕೊಟ್ಟರು. ವಾದ ಎಷ್ಟು ಗಟ್ಟಿಯಾಗಿತ್ತೆಂದರೆ ನಾನೂ ನಂಬಿದೆ. ಹಂಪಮ್ಮನವರು ಮಂಚದ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತ ಎಲ್ಲ ಕೇಳಿಸಿಕೊಂಡರು.

"ಅರ್ಥಿಂಗ್ ಕೆಟ್ಟದ್ದು ಖರೇ," ಎಂದರು. "ಹೊಲಿಗಿ ಮಿಷನ್ನೂ ಮೊನ್ನಿ ನಿಂತಿತ್ತು."

ನಮ್ಮ ಹೊಲಿಗೆ ಮಿಷನ್ನು ಕಾಲಿನಿಂದ ತುಳಿಯುವಂಥದ್ದು.

ನವೆಂಬರ್ 13, ಬುಧವಾರ

ಗಿರಣಿಯ ಎಲೆಕ್ಟ್ರಿಷಿಯನ್ ಪೀರಾ ಸಾಬ್ ಬಂದು ಹಿತ್ತಿಲಲ್ಲಿ ಅರ್ಥಿಂಗ್ ಗುಂಡಿ ತೋಡಿದರು. ಇದ್ದಿಲು, ಉಪ್ಪು, ನೀರು. ಹಂಪಮ್ಮನವರು ತಾವೇ ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತಂದುಕೊಟ್ಟು, ಸಾಲದಿದ್ದರೆ ಇನ್ನೂ ಇದೆ ಎಂದರು. ನನ್ನ ಗಿಟಾರಿನ ವಿಷಯದಲ್ಲಿ ಅವರು ತೋರಿಸಿದ ಮೊದಲ ಔದಾರ್ಯ ಇದು, ಬರೆದಿಡಬೇಕು.

ಸಂಜೆ ಹೆಡ್‌ಫೋನಿನ ಮೆತ್ತೆಯಲ್ಲಿ ಒಂದು ಉದ್ದದ ಬಿಳಿ ಕೂದಲು ಸಿಕ್ಕಿತು. ನಲವತ್ತಾರಕ್ಕೆ ಇಷ್ಟು ಬಿಳಿಯೇ ಎಂದು ಕನ್ನಡಿ ನೋಡಿಕೊಂಡೆ, ನೋಡಿಕೊಳ್ಳಬಾರದಿತ್ತು. ಹರಳೆಣ್ಣೆಯ ವಾಸನೆಯೂ ಬರುತ್ತಿದೆ. ನಾನು ಹಚ್ಚುವುದು ಕೊಬ್ಬರಿ ಎಣ್ಣೆ. ಪೀರಾ ಸಾಬ್ ಹಾಕಿಕೊಂಡು ನೋಡಿರಬೇಕು. ಆದರೆ ಅವರ ತಲೆಯಲ್ಲಿ ಕೂದಲೇ ಇಲ್ಲವಲ್ಲ ಎಂಬುದು ಬರೆಯುವಾಗ ಹೊಳೆಯಿತು. ಇರಲಿ, ಇದ್ದಾಗ ಉದುರಿದ್ದಿರಬಹುದು.

ನವೆಂಬರ್ 15, ಶುಕ್ರವಾರ

ಅರ್ಥಿಂಗ್ ಅಷ್ಟು ಉಪ್ಪು ತಿಂದ ಮೇಲೂ ಟ್ರೆಬಲ್ ಇಳಿದಿದೆ. ನಿನ್ನೆಯೂ ಇಳಿದಿತ್ತು, ಬರೆಯಲು ಮನಸ್ಸಾಗಲಿಲ್ಲ. ದಿನಾ ಬೆಳಿಗ್ಗೆ ಏರಿಸುತ್ತೇನೆ, ಅಭ್ಯಾಸ ಮಾಡಿ ಕೊನೆಯದನ್ನು ರೆಕಾರ್ಡ್ ಮಾಡಿ ಇಡುತ್ತೇನೆ, ಮರುದಿನ ಬೆಳಿಗ್ಗೆ ಮತ್ತೆ ಮಂಕು.

ಇವತ್ತು ಅತ್ತೆ ಪಲ್ಯಕ್ಕೆ ಹೀರೇಕಾಯಿ ಹೆಚ್ಚುತ್ತ ಕೇಳಿದರು. "ಮೂರನೇ ನುಡಿ ಬಂತೇನು?"

"ಇನ್ನ ಇಲ್ಲ," ಎಂದೆ. ಆಮೇಲೆ ಯೋಚಿಸಿದೆ, ಮೂರನೆಯ ನುಡಿ ಬರುತ್ತಿಲ್ಲವೆಂದು ಇವರಿಗೆ ಹೇಗೆ ತಿಳಿಯಿತು? ಸುನಂದಾಳ ಜೊತೆ ನಾನು ಫೋನಿನಲ್ಲಿ ಮಾತಾಡುವುದು ಓಣಿಗೆಲ್ಲ ಕೇಳುತ್ತದೆ, ಅದಕ್ಕೇ ಇರಬೇಕು.

ನವೆಂಬರ್ 17, ಭಾನುವಾರ. ದೇವದುರ್ಗದಿಂದ ಬಂದ ಮೇಲೆ

ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಸಿರವಾರದಲ್ಲಿ ಬಸ್ ಬದಲಿಸಿ ಹನ್ನೊಂದಕ್ಕೆ ದೇವದುರ್ಗ ಮುಟ್ಟಿದೆ. ತಾಲೀಮು ಸುನಂದಾಳ ಮನೆಯ ಪಡಸಾಲೆಯಲ್ಲಿ. ಬಳಗದ ಎಂಟು ಹೆಂಗಸರು, ನಡುವೆ ಹಿರಿಯರಾದ ಬಸವಂತಮ್ಮ. ಎಲ್ಲರೂ ವಿಭೂತಿ ಹಚ್ಚಿಕೊಂಡು, ಮಡಿಲಲ್ಲಿ ತಾಳ ಇಟ್ಟುಕೊಂಡು ಶಾಂತವಾಗಿ ಕೂತಿದ್ದರು. ಪೆಟ್ಟಿಗೆಯನ್ನು ಅವರ ಸ್ಪೀಕರಿಗೆ ಚುಚ್ಚಿದೆ. ಬೆಳಿಗ್ಗೆಯೇ ಟ್ರೆಬಲ್ ಏರಿಸಿಕೊಂಡು ಹೋಗಿದ್ದೆ, ನನ್ನ ಹೊಳಪೆಲ್ಲ ತುಂಬಿಕೊಂಡು.

ಮೊದಲ ನುಡಿಗೇ ಒಬ್ಬರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಎರಡನೆಯದರಲ್ಲಿ ಸುನಂದಾ ನನ್ನ ಮೇಲೆ ದನಿ ಏರಿಸಲು ಹೋಗಿ ಕೆಮ್ಮಿದಳು. ಮೂರನೆಯದರಲ್ಲಿ ನಾನು ಎಡವಿದೆ. ನಿಲ್ಲಿಸಿದೆ. ಚಹಾ ಬಂತು, ಜೊತೆಗೆ ಉಪ್ಪಿಟ್ಟೂ ಬಂತು. ಅಷ್ಟು ಪ್ರೀತಿಯಿಂದ ಉಪ್ಪಿಟ್ಟು ಬಡಿಸಿದರೆಂದರೆ ಎಷ್ಟು ಕೆಟ್ಟದಾಗಿ ನುಡಿಸಿರಬಹುದು, ಲೆಕ್ಕ ಹಾಕಬಹುದು.

ಬಸವಂತಮ್ಮನೇ ಕೊನೆಗೆ ಬಾಯಿ ಬಿಟ್ಟರು. "ಸಿಟ್ಟಾಗಬ್ಯಾಡ ಯವ್ವಾ. ಕಿವ್ಯಾಗ ಗಾಜಿನ ಬಳಿ ಒಡೆದಂಗ ಆಗ್ತದ."

ಸುನಂದಾ ಬಾಗಿಲವರೆಗೆ ಬಂದಳು. "ಅನು, ನಿನ್ನ ಗಿಟಾರ್ ಮುಂದ ಮುಂದ ಓಡ್ತದ, ನಾ ಹಿಂದ ಹಿಂದ ಓಡ್ತೀನಿ. ಇನ್ನ ಒಂದು ವಾರ ಅದ, ನೋಡೋಣು." ಅವಳ ಮುಖದಲ್ಲಿ ನೋಡೋಣ ಎಂಬುದಿರಲಿಲ್ಲ.

ಬಸ್ಸಿನಲ್ಲಿ ಅತ್ತೆ. ಅಂದರೆ ಅಳು ಬಂತು, ಹಂಪಮ್ಮನವರಲ್ಲ. ಪೆಟ್ಟಿಗೆ ಸರಿಯಿದ್ದಾಗ ಹೀಗಾಯಿತು ಎನ್ನುವುದೇ ಸಂಕಟ. ನೆಲ ನೆಟ್ಟಗಿತ್ತು.

ನವೆಂಬರ್ 18, ಸೋಮವಾರ

ನುಡಿಸಲಿಲ್ಲ. ಪೆಟ್ಟಿಗೆ ಗೋಡೆಯ ಕಡೆ ಮುಖ ಮಾಡಿ ಕೂತಿದೆ. ಗುರುವಾರ ಸುನಂದಾಳಿಗೆ ಫೋನ್ ಮಾಡಿ, ಬರಲಾಗುವುದಿಲ್ಲ, ಗಿರಣಿಯಲ್ಲಿ ಸುಗ್ಗಿ ಎಂದು ಹೇಳುವುದು. ಸುಳ್ಳಲ್ಲ, ಸುಗ್ಗಿಯೇ.

"ಇವತ್ತು ಕೋಳಿ ಸಪ್ಪಳ ಇಲ್ಲಲ್ಲ," ಎಂದರು ಅತ್ತೆ. ರಾತ್ರಿ ನನ್ನ ತಟ್ಟೆಗೆ ಕೇಳದೆಯೇ ಒಂದು ಚಮಚ ತುಪ್ಪ ಬಿತ್ತು.

ನವೆಂಬರ್ 20, ಬುಧವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಮೂರು ಗಂಟೆಗೆ ಕರೆಂಟು ಹೋಯಿತು, ಸಂಜೆಯವರೆಗೆ ಬರುವುದಿಲ್ಲ ಎಂದರು. ಗಿರಣಿ ನಿಂತಿತು, ಹಮಾಲರು ಚೀಲಗಳ ಮೇಲೆ ಮಲಗಿದರು, ನಾನು ಮನೆಗೆ ಹೊರಟೆ. ನಮ್ಮ ಮನೆಗೆ ಇನ್ವರ್ಟರ್ ಇದೆ. ಹಿತ್ತಿಲ ಬಾಗಿಲಿಂದ ಬಂದು, ಕಾಲು ತೊಳೆದು ನನ್ನ ಕೋಣೆಗೆ ಹೋದರೆ, ನನ್ನ ಸ್ಟೂಲಿನ ಮೇಲೆ ಅತ್ತೆ.

ಬಾಗಿಲಿಗೆ ಬೆನ್ನು. ಸೆರಗು ಜಾರಿಸಿ, ತುರುಬಿನ ಮೇಲೆ ಹೆಡ್‌ಫೋನ್. ಮುಂದೆ ನನ್ನ ಪೆಟ್ಟಿಗೆ, ಅದರ ಹಸಿರು ಗುಂಡಿಯ ಮೇಲೆ ಅವರ ಹೆಬ್ಬೆರಳು. ಒತ್ತಿ ಬಿಡಲಿಲ್ಲ, ಉಗುರು ಬೆಳ್ಳಗಾಗುವ ತನಕ ಒತ್ತಿಯೇ ಹಿಡಿದರು. ಪರದೆ ಬದಲಾಯಿತು. ಇನ್ನೊಂದು ಕೈಯಿಂದ ದೊಡ್ಡ ಗುಂಡಿಯನ್ನು ಎಡಕ್ಕೆ ತಿರುಗಿಸಿದರು, ಸ್ವಲ್ಪ, ಇನ್ನೂ ಸ್ವಲ್ಪ, ಸಾರಿನ ಉರಿ ಸಣ್ಣ ಮಾಡುವ ಹಾಗೆ. ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟು, ಒಂದು ಬೆರಳಿಂದ ತಾಳ ಹಾಕತೊಡಗಿದರು. ಹಾಡುತ್ತಿದ್ದರು. ತಮಗೆ ಕೇಳದಷ್ಟು ಸಣ್ಣಗೆ, ನನಗೆ ಕೇಳುವಷ್ಟು. ನಮ್ಮದೇ ಪದ. ನಾನು ಭಾನುವಾರ ಬೆಳಿಗ್ಗೆ ರೆಕಾರ್ಡ್ ಮಾಡಿಟ್ಟದ್ದರ ಮೇಲೆ. ಮೂರನೆಯ ನುಡಿ ಬಂದಾಗ, ನಾನು ಎಡವಿದ ಜಾಗದಲ್ಲಿ, ಅವರು ಒಂದು ಕ್ಷಣ ನಿಂತು, ನನ್ನನ್ನು ಕಾದು, ಮುಂದೆ ನಡೆದರು.

ಪದ ಮುಗಿಯಿತು. ತಿರುಗಿದರು, ನೋಡಿದರು. ಗಡಿಬಿಡಿಯಿಂದ ತೆಗೆಯುತ್ತಾರೆಂದುಕೊಂಡೆ. ತೆಗೆಯಲಿಲ್ಲ, ಒಂದು ಕಿವಿ ಮಾತ್ರ ಸರಿಸಿದರು.

"ಕರೆಂಟ್ ಹೋತೇನು?"

"ಹೂಂ. ಯಾವಾಗಿಂದ ಕೇಳಾಕತ್ತೀರಿ?"

"ದೀಪಾವಳಿ ಮುಗಿದ ಮರುದಿನದಿಂದ. ನೀ ಮುಂಜಾನಿ ಇದನ್ನ ಹಾಕ್ಕೊಂಡು ಕಣ್ಣು ಮುಚ್ಚಿ ನಗತೀದಿ. ಬರೀ ತಂತಿ ಕೆರದ್ರ ನಗು ಬರ್ತದೇನು? ಒಳಗ ಏನದ ನೋಡೋಣು ಅಂತ ಹಾಕ್ಕೊಂಡೆ."

"ಗುಂಡಿ ಹಂಗ ಒತ್ತಿ ಹಿಡಿಬಾರದರಿ ಅತ್ತಿ. ಒಮ್ಮಿ ಒತ್ತಿ ಬಿಡಬೇಕು."

"ಬಿಟ್ರ ಮೋಟರ್ ಹಿಡಿತದೇನು?" ಎಂದರು, ನನಗೆ ಏನೂ ತಿಳಿಯದು ಎಂಬ ದನಿಯಲ್ಲಿ. ಆಗ ಅರ್ಥವಾಯಿತು. ನಮ್ಮ ಮಾವನವರು ಹಿತ್ತಿಲಲ್ಲಿ ಭತ್ತದ ಸಿಪ್ಪೆ ಸುಲಿಯುವ ಸಣ್ಣ ಹಲ್ಲರ್ ಗಿರಣಿ ನಡೆಸುತ್ತಿದ್ದ ಕಾಲದಲ್ಲಿ ದಿನಾ ಬೆಳಿಗ್ಗೆ ಮೋಟರಿನ ಸ್ಟಾರ್ಟರ್ ಒತ್ತುತ್ತಿದ್ದವರು ಇವರೇ. ಹಸಿರು ಗುಂಡಿ ಕಂಡರೆ ಮೋಟರು ವೇಗ ಹಿಡಿಯುವ ತನಕ ಬಿಡಬಾರದು. ನಲವತ್ತು ವರ್ಷದ ರೂಢಿ. ನಾವು ಹಿತ್ತಿಲಿಗೆ ಐದು ಕಿಲೋ ಉಪ್ಪು ಸುರಿದಿದ್ದೆವು.

"ಆ ದೊಡ್ಡ ಗುಂಡಿ ಯಾಕ ತಿರುವಿದ್ರಿ?"

"ದನಿ ಹಸಿ ಇತ್ತು. ಬೇಯಿಸಿದೆ."

ಆಮೇಲೆ ಅವರಾಗಿಯೇ ಹೇಳಿದರು, ಪೆಟ್ಟಿಗೆಯನ್ನು ನೋಡುತ್ತ, ನನ್ನನ್ನಲ್ಲ. ತವರು ಚೀಕಲಪರ್ವಿಯಲ್ಲಿ ಹೊಳೆಯ ದಂಡೆಗೆ ಸೋಮವಾರದ ಭಜನೆ. ಅವರಪ್ಪ ಏಕತಾರಿ ಹಿಡಿಯುತ್ತಿದ್ದರು, ಇವರು ಹಾಡುತ್ತಿದ್ದರು. "ನಮ್ಮಪ್ಪ ಅಂತಿದ್ದ, ತಂತಿ ದನಿ ಹಾಡೋರ ಕಾಲಾಗ ಕುಂಡ್ರಬೇಕು, ತಲಿ ಮ್ಯಾಲೆ ಏರಬಾರದು ಅಂತ. ನಿಂದು ತಲಿ ಮ್ಯಾಲೆ ಏರಿತ್ತು. ಇಳಿಸಿದೆ. ನೀ ದಿನಾ ಏರಿಸ್ತಿದ್ದಿ, ನಾ ದಿನಾ ಇಳಿಸ್ತಿದ್ದೆ."

"ಇಲ್ಲಿಗೆ ಬಂದ ಮ್ಯಾಲೆ ಹಾಡಲಿಲ್ಲೇನ್ರಿ?"

"ಹದಿನೇಳಕ್ಕ ಇಲ್ಲಿಗೆ ಬಂದೆ. ಗಿರಣಿ ಮನಿ ಸೊಸಿ ಹಾಡಿದ್ರ ಹಮಾಲರು ಚೀಲ ಇಳಿಸಿ ಕೇಳ್ತಾ ಕುಂಡ್ರತಾರ ಅಂದ್ರು ನಮ್ಮತ್ತಿ. ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ. ನನ್ನ ಕಾಲ ಬರೋದ್ರಾಗ ಹಾಡೋದು ಮರ್ತಿತ್ತು."

ಮರೆತಿರಲಿಲ್ಲ. ನಾನು ಈಗಷ್ಟೇ ಕೇಳಿದ್ದೆ. ಅದನ್ನು ಹೇಳುವ ಬದಲು, ನಾಚಿಕೆಬಿಟ್ಟು, ಎರಡು ವರ್ಷದಿಂದ ಯಾರನ್ನಾದರೂ ಕೇಳಬೇಕೆಂದಿದ್ದದ್ದನ್ನು ಕೇಳಿದೆ. "ನಾ ಬಾರಿಸೋದು ಹೆಂಗದರಿ?"

ಅವರು ಹೆಡ್‌ಫೋನ್ ತೆಗೆದು, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟರು.

"ಮೂರನೇದರಾಗ ಏರೋ ಮುಂದ ಹೆದರ್ತಿ," ಎಂದು ಎದ್ದು ಚಹಾಕ್ಕೆ ಇಡಲು ಹೋದರು.

ಅಷ್ಟೇ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ಬೇಕಿದ್ದದ್ದು ಒಂದು ಮಾತು. ಹದಿನೇಳು ದಿನ ಕದ್ದು ಕೇಳಿದವರಿಗೆ ಒಂದು ಮಾತು ಹೆಚ್ಚಾಯಿತೇ?

ನವೆಂಬರ್ 21, ಗುರುವಾರ

ಸುನಂದಾಳಿಗೆ ಫೋನ್ ಮಾಡಿದೆ. ಬರುವುದಿಲ್ಲ ಎನ್ನಲು ತೆಗೆದ ಬಾಯಿ, ದನಿ ಸರಿಮಾಡಿಕೊಂಡಿದ್ದೇನೆ, ಬರುತ್ತೇನೆ ಎಂದಿತು.

ಮಧ್ಯಾಹ್ನ ಗಿರಣಿಗೆ ಹೋಗಲಿಲ್ಲ. ಅತ್ತೆ, ಇವತ್ತಿಂದ ಈ ಪುಸ್ತಕದಲ್ಲಿ ಅವ್ವ, ಸ್ಟೂಲಿನ ಮೇಲೆ, ನಾನು ನೆಲದ ಮೇಲೆ. ಹೆಡ್‌ಫೋನು ಇರುವುದು ಒಂದೇ, ಅದು ಅವ್ವನ ಕಿವಿಯಲ್ಲಿ. ಅಂದರೆ ನುಡಿಸುವವಳಿಗೆ ಏನೂ ಕೇಳುವುದಿಲ್ಲ, ಕೇಳುವವರು ನುಡಿಸುವುದಿಲ್ಲ. ನಾನು ಅವರ ಮುಖ ನೋಡಿಕೊಂಡು ತಂತಿ ಮೀಟುತ್ತಿದ್ದೆ. ಹುಬ್ಬು ಗಂಟಿಕ್ಕಿದರೆ ತಪ್ಪು. ಬೆರಳು ತಾಳ ಹಾಕುತ್ತಿದ್ದರೆ ಸರಿ.

ಮೂರನೆಯ ನುಡಿಗೆ ಐದು ಸಲ ಹುಬ್ಬು ಗಂಟಿಕ್ಕಿತು. ಆರನೆಯ ಸಲ ಇಲ್ಲ. ನಿಜವಾಗಿ ಸರಿಬಂತೋ, ಅವ್ವನಿಗೆ ತೂಕಡಿಕೆ ಬಂತೋ ಗೊತ್ತಿಲ್ಲ.

ಯಜಮಾನರು ಸಂಜೆ ಬೇಗ ಬಂದು ಬಾಗಿಲಲ್ಲಿ ನಿಂತು ನೋಡಿದರು. ತಾಯಿಯ ತಲೆಯ ಮೇಲೆ ಹೆಡ್‌ಫೋನ್. ಸೀದಾ ಹಿತ್ತಿಲಿಗೆ ಹೋಗಿ ತಮ್ಮ ಅರ್ಥಿಂಗ್ ಗುಂಡಿಯನ್ನು ನೋಡಿಕೊಂಡು ಬಂದರು.

ನವೆಂಬರ್ 23, ಶನಿವಾರ

"ನಾಳಿ ನಾನೂ ಬರ್ತೀನಿ," ಎಂದರು ಅವ್ವ. "ಆ ಗುಂಡಿ ಎಷ್ಟಕ್ಕ ಇಡಬೇಕು ಅನ್ನೋದು ನಿನಗ ತಿಳಿಯಂಗಿಲ್ಲ."

ಪೆಟ್ಟಿಗೆಯನ್ನು ಮತ್ತೆ ಅದೇ ಹಳೆಯ ಸೀರೆಯಲ್ಲಿ ಸುತ್ತಿಟ್ಟೆ.

ನವೆಂಬರ್ 24, ಭಾನುವಾರ

ಯಜಮಾನರೇ ಕಾರು ತೆಗೆದರು. ದೇವದುರ್ಗದ ಕಲ್ಯಾಣ ಮಂಟಪದಲ್ಲಿ ಇನ್ನೂರು ಜನ ಇದ್ದಿರಬೇಕು. ವೇದಿಕೆಗೆ ಮೂರು ಮೆಟ್ಟಿಲು. ಅವ್ವ ಆ ಮೂರನ್ನೂ ಹತ್ತಿ ಬಂದು, ಎಲ್ಲರೆದುರು ಹಸಿರು ಗುಂಡಿ ಒತ್ತಿ ಹಿಡಿದು, ದೊಡ್ಡ ಗುಂಡಿಯನ್ನು ಎಡಕ್ಕೆ ತಿರುಗಿಸಿ, ನನ್ನನ್ನು ನೋಡದೆ ಇಳಿದು ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಮೈಕಿನವನು ಅವರನ್ನೇ ಮುಖ್ಯ ಅತಿಥಿ ಎಂದುಕೊಂಡು ನಮಸ್ಕಾರ ಮಾಡಿದ.

ಮೊದಲ ನುಡಿ ಹೋಯಿತು. ದನಿ ಸುನಂದಾಳ ಕಾಲಬಳಿ ಕೂತಿತ್ತು, ಹೇಳಿದ ಮಾತು ಕೇಳುವ ದನಿ. ಎರಡನೆಯದೂ ಹೋಯಿತು. ಯಾರೂ ಕಿವಿ ಮುಚ್ಚಲಿಲ್ಲ. ಬಸವಂತಮ್ಮ ತಲೆದೂಗುತ್ತಿದ್ದರು. ಅದನ್ನು ನೋಡಿ ನನಗೆ ಖುಷಿಯಾಯಿತು, ಖುಷಿಯಾದದ್ದೇ ತಪ್ಪಾಯಿತು. ಮೂರನೆಯ ನುಡಿ ಏರುವಲ್ಲಿ ಬೆರಳು ನಿಂತಿತು. ಎಡವಿದ್ದಲ್ಲ, ನಿಂತೇಬಿಟ್ಟಿತು. ಸುನಂದಾ ಗಾಬರಿಯಾಗಿ ನನ್ನ ಕಡೆ ತಿರುಗಿದಳು, ಅವಳ ಸಾಲೂ ತಪ್ಪಿತು. ಮಂಟಪದಲ್ಲಿ ಫ್ಯಾನಿನ ಸದ್ದು ಮಾತ್ರ. ಇನ್ನೂರು ಜನರ ಮುಂದೆ ಫ್ಯಾನಿನ ಸದ್ದು ಕೇಳುವುದು ಏನೆಂದು ಅನುಭವಿಸಿದವರಿಗೇ ಗೊತ್ತು. ಸತ್ತುಹೋಗಬಾರದೇ ಎನಿಸಿತು.

ಆಗ ಮುಂದಿನ ಸಾಲಿನಿಂದ ಅವ್ವ ಹಾಡಿದರು.

ಕೂತಲ್ಲೇ, ಮೈಕಿಲ್ಲದೆ, ಎಪ್ಪತ್ತನಾಲ್ಕು ವರ್ಷದ ದನಿ. ಮೊದಲ ಎರಡು ಮಾತು ಒರಟಾಗಿ ಬಂದವು, ಆಮೇಲೆ ಬಿಚ್ಚಿಕೊಂಡಿತು. ನಾನು ಹೆದರುವ ಆ ಏರನ್ನು ಅವರು ಅಟ್ಟದ ಮೆಟ್ಟಿಲು ಹತ್ತುವ ಹಾಗೆ ಹತ್ತಿದರು, ಮೇಲೆ ಹೋಗಿ ನಿಂತು ಕಾದರು. ನನ್ನನ್ನೇ ಕಾಯುತ್ತಿದ್ದಾರೆಂದು ನನಗೆ ಗೊತ್ತಾಯಿತು, ಆ ಕೋಣೆಯಲ್ಲಿ ಕಾದದ್ದನ್ನು ನೋಡಿದ್ದೆನಲ್ಲ. ಬೆರಳು ತಾನಾಗಿ ಹೋಯಿತು. ಸುನಂದಾ ಮೈಕನ್ನು ಕೈಯಲ್ಲಿ ಹಿಡಿದು ಇಳಿದು ಹೋಗಿ ಅವ್ವನ ಬಾಯಿಯ ಬಳಿ ಇಟ್ಟಳು. ನಾಲ್ಕನೆಯ ನುಡಿಯನ್ನು ಅವ್ವ, ನಾನು ಇಬ್ಬರೇ ಮುಗಿಸಿದೆವು. ಅಷ್ಟು ಚೆನ್ನಾಗಿ ನಾನು ಎಂದೂ ನುಡಿಸಿಲ್ಲ.

ಆಮೇಲೆ ಆದದ್ದು ನಗುವಂಥದ್ದು. ಎರಡು ವರ್ಷ ಅಭ್ಯಾಸ ಮಾಡಿದ್ದು ನಾನು, ಶಾಲು ಹೊದಿಸಿಕೊಂಡದ್ದು ಅವ್ವ. ಊಟದ ಪಂಕ್ತಿಯಲ್ಲಿ ಒಬ್ಬಾಕೆ ಬಂದು, "ನಿಮ್ಮತ್ತಿ ದನಿ ಏನ್ ಛಂದ ಅದರಿ, ನೀವೂ ಏನರ ಹಾಡ್ತೀರೇನು?" ಎಂದಳು. ಇಲ್ಲ, ನಾನು ಕಾರಿನಲ್ಲಿ ಜೊತೆಗೆ ಬಂದವಳು ಎಂದೆ.

ದಾರಿಯುದ್ದಕ್ಕೂ ಅವ್ವ ಶಾಲು ಹೊದ್ದು ನಿದ್ದೆ ಮಾಡಿದರು. ನಾನು ನಿಂತುಹೋದದ್ದರ ಬಗ್ಗೆ ಒಂದು ಮಾತಿಲ್ಲ. ಬೈದಿದ್ದರೂ ಆಗುತ್ತಿತ್ತು. ಜನರ ಮುಂದೆ ನಿಂತುಹೋದವಳಿಗೆ ನುಡಿಸಲು ಬರುತ್ತದೆಯೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ.

ನವೆಂಬರ್ 26, ಮಂಗಳವಾರ

ಬೆಳಿಗ್ಗೆ ಕವಿತಾಳದ ಹೆಂಗಸರಿಂದ ಅವ್ವನಿಗೆ ಫೋನ್ ಬಂತು. ಮುಂದಿನ ತಿಂಗಳು ಅಲ್ಲಿಯೂ ಕಾರ್ಯಕ್ರಮವಂತೆ, ಹಾಡಲು ಬರಬೇಕಂತೆ. ಅವ್ವ ಫೋನನ್ನು ಕಿವಿಗೆ ಹಿಡಿಯುವುದಿಲ್ಲ, ಸ್ಪೀಕರ್ ಹಾಕಿ ಮುಖದ ಮುಂದೆ ಹಿಡಿದು ಜಗಳದ ದನಿಯಲ್ಲಿ ಮಾತಾಡುತ್ತಾರೆ. ಅವರು ಪಡಸಾಲೆಯಲ್ಲಿ, ನಾನು ಒಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದೆ.

"ಹಾರ್ಮೋನಿಯಂ, ತಬಲಾ ಎಲ್ಲಾ ಇಲ್ಲೇ ಅದಾವರಿ ಅಮ್ಮಾರೆ," ಎಂದಿತು ಆಚೆಯ ದನಿ. "ನೀವೊಬ್ರು ಬಂದ್ರ ಸಾಕು."

"ನಾ ಒಬ್ಬಾಕಿ ಬರಂಗಿಲ್ಲ. ನಮ್ಮ ಅನುರಾಧಾ ಬಾರಿಸಿದ್ರ ಹಾಡ್ತೀನಿ, ಇಲ್ಲಂದ್ರ ಇಲ್ಲ."

"ಆ ಎಲೆಕ್ಟ್ರಿಕ್ ಪೆಟ್ಟಿಗಿ ತರಬೇಕಾಗ್ತದ, ಸುಮ್ನ ನಿಮಗ ತ್ರಾಸ ಅಂತ…"

"ಪೆಟ್ಟಿಗಿ ಯಾವುದಿದ್ರೂ ನಡೀತದ ಯವ್ವಾ," ಎಂದರು ಅವ್ವ. "ಕೈ ಆಕೀದಿರಬೇಕು."

ಬಡಿಯುವುದು ನಿಲ್ಲಿಸಿದರೆ ಕೇಳಿಸಿಕೊಂಡೆನೆಂದು ಅವರಿಗೆ ತಿಳಿದುಹೋಗುತ್ತದೆ. ಅದಕ್ಕೆ ಬಡಿಯುತ್ತಲೇ ಇದ್ದೆ. ಫೋನ್ ಇಡುವಷ್ಟರಲ್ಲಿ ಆ ರೊಟ್ಟಿ ಹಂಚಿಗೆ ಹಿಡಿಸದಷ್ಟು ದೊಡ್ಡದಾಗಿತ್ತು.